ಫ್ರಿಜ್ಜಿನ ಫಿಲ್ಟರೂ ಮೂರು ಕಿಲೋ ಬಫಾತ್ ಪುಡಿಯೂ

ಜೂನ್ ತಿಂಗಳು ಹಿಡಿಯಿತೆಂದರೆ ಕತಾರಿನ ಏಸಿ ರಿಪೇರಿಯವರಿಗೆ ಅದು ಊರಿನ ನಾಟಿಯ ಕಾಲ ಇದ್ದ ಹಾಗೆ. ಎಲ್ಲರ ಗದ್ದೆಗೂ ಒಂದೇ ದಿನ ಆಳು ಬೇಕು, ಎಲ್ಲರ ಮನೆಯ ಏಸಿಯೂ ಒಂದೇ ದಿನ ಕೆಡಬೇಕು. ಹಗಲು ಹತ್ತು ಗಂಟೆ ಕಳೆದ ಮೇಲೆ ಬಿಸಿಲಲ್ಲಿ ಕೆಲಸ ಮಾಡಿಸಕೂಡದೆಂದು ನಿಯಮವಿರುವುದರಿಂದ ಇಂಡಸ್ಟ್ರಿಯಲ್ ಏರಿಯಾದ ಕಂಪೆನಿ ಬಸ್ಸುಗಳು ನಸುಕಿನ ನಾಲ್ಕೂವರೆಗೇ ಹೊರಡುತ್ತವೆ. ಮೆಕ್ಯಾನಿಕ್‌ಗಳು ಅದಕ್ಕೂ ಮೊದಲೇ ಬಂದು ಬಿಡಿಭಾಗಗಳ ಸ್ಟೋರಿನ ಕಿಟಕಿಯ ಎದುರು ಸಾಲು ನಿಲ್ಲುತ್ತಾರೆ. ಕಿಟಕಿಯ ಒಳಗೆ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು, ಎದುರಿಗೆ ವೋಚರ್ ಪುಸ್ತಕ ಇಟ್ಟುಕೊಂಡು ಪಕೀರಬ್ಬ ಕೂತಿರುತ್ತಾರೆ.

ವಿಟ್ಲದ ಕಡೆಯ ಪಕೀರಬ್ಬ ಈ ಸ್ಟೋರಿಗೆ ಕೀಪರ್ ಆಗಿ ಇಪ್ಪತ್ತೆರಡು ವರ್ಷ. ಕಿಟಕಿಗೆ ಯಾರೇ ಬರಲಿ, ಅವರ ಬಾಯಿಂದ ಬೀಳುವ ಮೊದಲ ಮಾತು ಒಂದೇ: "ಹಳೇ ಪೀಸ್ ಎಲ್ಲಿ?" ಸಲಾಮು, ಕುಶಲ ಎಲ್ಲ ಆಮೇಲೆ.

ಅವತ್ತು ಸಾಲಿನ ಮುಂದೆ ನಿಂತವನು ಬೋಜ. ಬೆಳ್ತಂಗಡಿಯವನು, ಒಳ್ಳೆಯ ಕೆಲಸಗಾರ. ಸಾಲಿನ ಉಳಿದವರಂತೆ ಅವನಿಗೂ ಪಕೀರಬ್ಬ 'ಇಚ್ಚ', ಅಂದರೆ ಅಣ್ಣ.

"ಪಕೀರಿಚ್ಚ, ಮೂರನೇ ಬಿಲ್ಡಿಂಗಿನ ಮೆಷಿನಿಗೆ ಒಂದು ಕೆಪಾಸಿಟರ್ ಕೊಡಿ. ಮೆಷಿನ್ ನಂಬರ್ ಬರೆದು ತಂದಿದ್ದೇನೆ."

"ಹಳೇ ಪೀಸ್?"

"ಅದು ಟೆರೇಸಿನ ಮೇಲೆ ಮೆಷಿನಿನಲ್ಲೇ ಉಂಟು. ಸುಟ್ಟು ಕರಿಯಾಗಿದೆ. ನಂಬರ್ ಸರಿ ಉಂಟು ಇಚ್ಚ, ನಾನೇ ನೋಡಿ ಬರೆದದ್ದು."

"ನಂಬರ್ ಬರೆದದ್ದು ನೀನು. ಪೀಸ್ ಮಾಡಿದ್ದು ಕಂಪೆನಿ. ನಾನು ಯಾರನ್ನು ನಂಬಬೇಕು?" ಎಂದು ಪಕೀರಬ್ಬ ಕಿಟಕಿಯ ಹೊರಗೆ ಕತ್ತು ಚಾಚಿ ಹಿಂದಿನವನನ್ನು ನೋಡಿದರು. "ನೆಕ್ಸ್ಟ್."

ಬೋಜ ಮರುಮಾತಾಡದೆ ಹೋದ. ಸುಟ್ಟ ತುಂಡನ್ನು ಬಿಚ್ಚಿ ತರಲು ಐದು ಮಾಳಿಗೆ ಹತ್ತಿ ಇಳಿಯಬೇಕು, ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ಆದರೆ ಮಾತಾಡಿ ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತು. ಸ್ಟೋರಿನಲ್ಲಿ 'ರಾಂಗ್ ಇಶ್ಯೂ' ಎಂದು ಒಂದು ರಿಜಿಸ್ಟರ್ ಇತ್ತು. ಒಂದರ ಬದಲು ಇನ್ನೊಂದು ಮಾಲು ಕೊಟ್ಟರೆ ಅದರಲ್ಲಿ ಬರೆದು ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಅದರ ಮೊದಲ ಪುಟದ ಮೊದಲ ಗೆರೆಯೂ ತುಂಬಿರಲಿಲ್ಲ. ಅದಕ್ಕಾಗಿ ಕಂಪೆನಿ ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟಿತ್ತು. ಗಡಿಯಾರ ಎರಡು ವರ್ಷಕ್ಕೆ ನಿಂತುಹೋಯಿತು. ರಿಜಿಸ್ಟರ್ ಮಾತ್ರ ಖಾಲಿಯಾಗಿಯೇ ಉಳಿಯಿತು. ಪಕೀರಬ್ಬ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು.

ಇಂಥ ಮನುಷ್ಯನ ಮನೆಯ ಫ್ರಿಜ್ಜಿನಲ್ಲಿ ಕೆಂಪು ದೀಪ ಹತ್ತಿತು.

ಮನೆ ಅಲ್ ರಯ್ಯಾನಿನಲ್ಲಿ. ಒಂದು ವಿಲ್ಲಾವನ್ನು ಗೋಡೆ ಎಬ್ಬಿಸಿ ಪಾಲು ಮಾಡಿದ್ದು. ಕೆಳಗೆ ಪಕೀರಬ್ಬ, ಹೆಂಡತಿ ಸಫೂರಾ. ಮೇಲೆ ರಾಸ್ ಲಫಾನಿನಲ್ಲಿ ಪ್ಲಾಂಟ್ ಆಪರೇಟರ್ ಆಗಿರುವ ಯಜ್ಞೇಶ್, ಹೆಂಡತಿ ಅಶ್ವಿತಾ, ಶಾಲೆಗೆ ಹೋಗುವ ಮಗಳು. ಅಂಗಳದ ಒಂಟಿ ಕೋಣೆಯಲ್ಲಿ ಕ್ಲಿನಿಕ್ಕಿನ ನರ್ಸ್ ಕೊನ್ಸೆಪ್ಟಾ ಬಾಯಿ. ಕಿನ್ನಿಗೋಳಿಯವರು, ಐವತ್ತು ದಾಟಿದವರು, ಸೂಜಿಯನ್ನೂ ಮಾತನ್ನೂ ಒಂದೇ ಕೈಯಲ್ಲಿ ಚುಚ್ಚುವವರು.

ಹಿಂದಿನ ಡಿಸೆಂಬರಿನಲ್ಲಿ ಒಂದು ಸಂಸಾರ ದೇಶ ಬಿಟ್ಟು ಹೋಗುವಾಗ ಮಾರಿದ ಎರಡು ಬಾಗಿಲಿನ ದೊಡ್ಡ ಫ್ರಿಜ್ಜನ್ನು ಪಕೀರಬ್ಬ ಕೊಂಡು ತಂದಿದ್ದರು. ಬಾಗಿಲಲ್ಲೇ ಒಂದು ಗೂಡು. ಲೋಟ ಒತ್ತಿದರೆ ತಣ್ಣೀರು ಬೀಳುತ್ತಿತ್ತು. ಅಡುಗೆಮನೆಯ ನಲ್ಲಿಯಿಂದ ಅದಕ್ಕೆ ಪೈಪು ಎಳೆಸಿದ ದಿನವೇ ಅವರು ನೀರಿನ ಕ್ಯಾನ್ ತರುವವನಿಗೆ, "ಖಲಾಸ್, ಇನ್ನು ಬರುವುದು ಬೇಡ. ನಮ್ಮಲ್ಲಿ ಫಿಲ್ಟರ್ ನೀರು ಉಂಟು" ಎಂದು ಹೇಳಿ ಕಳುಹಿಸಿದರು. ಮರುದಿನ ಮೇಲಿನ ಅಶ್ವಿತಾಳಿಗೂ ಹೇಳಿದರು: "ನೀನು ಯಾಕಮ್ಮ ದುಡ್ಡು ಹಾಳು ಮಾಡುವುದು? ಬಾಟ್ಲಿ ತಾ, ತುಂಬಿಸಿಕೊಂಡು ಹೋಗು." ಅಂದಿನಿಂದ ಅಶ್ವಿತಾ ದಿನಾ ನಾಲ್ಕು ಬಾಟ್ಲಿ, ಮಗಳು ಶಾಲೆಗೆ ಒಯ್ಯುವುದು ಸೇರಿ ಐದು, ತುಂಬಿಸಿಕೊಂಡು ಹೋಗುತ್ತಿದ್ದಳು. ಕೊನ್ಸೆಪ್ಟಾ ಬಾಯಿಯದು ಎರಡು. ಊರಲ್ಲಿ ಬಾವಿಯಿದ್ದ ಮನೆಯವರಿಗೆ ಇರುವ ಒಂದು ಬಗೆಯ ಗತ್ತು ಪಕೀರಬ್ಬನ ನಡಿಗೆಯಲ್ಲಿ ಕಾಣಿಸಿಕೊಂಡಿತು.

ಮೊದಮೊದಲು ಸಫೂರಾ ಒಮ್ಮೆ, "ಇದಕ್ಕೆ ಟ್ಯಾಂಕಿಯ ವಾಸನೆ ಉಂಟಲ್ಲ" ಅಂದಿದ್ದಳು.

"ಅದು ಕಾರ್ಬನಿನ ರುಚಿ. ಫಿಲ್ಟರಿನ ಒಳಗೆ ಕಾರ್ಬನ್ ಇರುತ್ತದೆ, ಅದು ನೀರನ್ನು ಹಿಡಿದು ತೊಳೆಯುತ್ತದೆ. ನಾಲಗೆಗೆ ಅಭ್ಯಾಸ ಆಗಬೇಕು" ಎಂದು ಪಕೀರಬ್ಬ ತಿಳಿಹೇಳಿದ್ದರು. ನಾಲಗೆಗೆ ಅಭ್ಯಾಸವಾಯಿತು.

ಈಗ ಕೆಂಪು ದೀಪ. ಫಿಲ್ಟರ್ ಬದಲಿಸಿ ಎಂದು ಅದರ ಅರ್ಥ. ಪಕೀರಬ್ಬ ಗಾಬರಿಯಾಗಲಿಲ್ಲ. ಇದು ಅವರ ಕಸುಬಿನ ವಿಷಯ. ಕನ್ನಡಕ ಹಾಕಿ, ಟಾರ್ಚ್ ಹಿಡಿದು, ಫ್ರಿಜ್ಜಿನ ಒಳಗೆ ಅರ್ಧ ದೇಹ ತೂರಿಸಿ, ಮೇಲಿನ ಮೂಲೆಯಲ್ಲಿ ಒಂದು ಬಿರಡೆಯಂಥದ್ದನ್ನು ಪತ್ತೆ ಮಾಡಿದರು. ತಿರುಗಿಸಿದರೆ ಕೈಗೆ ಬಂತು. ಹೆಬ್ಬೆರಳಿಗಿಂತ ತುಸು ದಪ್ಪದ, ತಲೆಗೆ ಟೊಪ್ಪಿಯಿಟ್ಟಂತಿದ್ದ ಬಿಳಿ ಪ್ಲಾಸ್ಟಿಕ್ ತುಂಡು.

ಸಫೂರಾ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಇದರೊಳಗೆ ಕಾರ್ಬನ್ ಉಂಟಾ? ಬಾಳೆಹೂವಿನ ಎಸಳಿನಷ್ಟೂ ಭಾರ ಇಲ್ಲ."

"ಹೊಸ ಕಾಲದ ಮಾಲು ಎಲ್ಲ ಹಗುರ. ನಿನಗೆ ಭಾರ ಬೇಕಾದರೆ ರುಬ್ಬುವ ಕಲ್ಲು ಎತ್ತು."

ಮರುದಿನ ಶುಕ್ರವಾರ. ಆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಪಕೀರಬ್ಬ ಪೇಟೆಗೆ ಹೊರಟರು. ಫ್ರಿಜ್ಜು, ವಾಷಿಂಗ್ ಮೆಷಿನುಗಳ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಡ್ಯಾರೆಲ್ ಎಂಬ ಹುಡುಗ ಇದ್ದ. ಬಜ್ಪೆಯವನು. ಊರಿನವರೆಂದು ತಿಳಿದು ಎದ್ದು ನಿಂತ.

"ಫ್ರಿಜ್ಜಿನ ಫಿಲ್ಟರ್ ಬೇಕು."

"ಫ್ರಿಜ್ಜಿನ ಮಾಡೆಲ್ ನಂಬರ್ ಹೇಳಿ, ಅಂಕಲ್."

ಪಕೀರಬ್ಬನಿಗೆ ಮೊದಲ ಸಲ ಸಿಟ್ಟು ಬಂದದ್ದು ಅಲ್ಲಿ. "ನಂಬರ್ ಯಾಕಪ್ಪಾ? ನಂಬರ್ ಕೇಳುವುದು ಕಸುಬು ಗೊತ್ತಿಲ್ಲದವರು. ನಾನು ಪೀಸೇ ತಂದಿದ್ದೇನೆ." ಕರವಸ್ತ್ರ ಬಿಚ್ಚಿ ತುಂಡನ್ನು ಕೌಂಟರಿನ ಗಾಜಿನ ಮೇಲೆ ಇಟ್ಟರು. "ಇದಕ್ಕೆ ಸರಿಯಾದದ್ದು ಕೊಡು."

ಡ್ಯಾರೆಲ್ ತುಂಡನ್ನು ನೋಡಿದ, ಪಕೀರಬ್ಬನನ್ನು ನೋಡಿದ. "ಅಂಕಲ್, ಇದು ಫಿಲ್ಟರ್ ಅಲ್ಲ. ಇದು ಬರೀ..."

"ನಾನು ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷ. ಮಾತು ಬೇಡ, ಮಾಲು ತೆಗಿ."

ಡ್ಯಾರೆಲ್ ಒಳಗೆ ಹೋಗಿ ಒಂದು ಪೆಟ್ಟಿಗೆ ತಂದು ಬಿಚ್ಚಿದ. ಒಂದು ಗೇಣು ಉದ್ದದ, ಸೌತೆಕಾಯಿಯ ಗಾತ್ರದ ಕೊಳವೆ. "ಈ ಫ್ರಿಜ್ಜಿಗೆ ಹೆಚ್ಚಾಗಿ ಇದು ಆಗುತ್ತದೆ. ಇನ್ನೂರ ಅರವತ್ತು ರಿಯಾಲ್."

"ಎಷ್ಟು?"

"ಇನ್ನೂರ ಅರವತ್ತು. ಆರು ತಿಂಗಳು ಬರುತ್ತದೆ."

ಪಕೀರಬ್ಬ ತುಂಡನ್ನೂ ಕೊಳವೆಯನ್ನೂ ಪಕ್ಕಪಕ್ಕ ಇಟ್ಟರು. ಕೋಣದ ಪಕ್ಕ ಬೆಕ್ಕಿನ ಮರಿ ನಿಲ್ಲಿಸಿದ ಹಾಗಿತ್ತು. "ನಾನು ಇದು ಕೇಳಿದರೆ ನೀನು ಅದು ಕೊಡುವುದಾ? ನಮ್ಮಲ್ಲಿ ಇದಕ್ಕೆ ಒಂದು ಹೆಸರುಂಟು. ರಾಂಗ್ ಇಶ್ಯೂ. ಹೋಗಲಿ, ಈ ಪೀಸ್ ಎಷ್ಟಕ್ಕೆ ಕೊಡುತ್ತೀ?"

"ಇದನ್ನು ನಾವು ಮಾರುವುದಿಲ್ಲ ಅಂಕಲ್. ಫ್ರಿಜ್ಜಿನ ಜೊತೆ ಫ್ರೀ ಬರುತ್ತದೆ."

ಅಲ್ಲಿಗೆ ಮುಗಿಯಿತು. ಪಕೀರಬ್ಬನ ಮನಸ್ಸಿನಲ್ಲಿ ಇಡೀ ಮೋಸ ಬಯಲಾಯಿತು. ಕಂಪೆನಿ ಪುಕ್ಕಟೆ ಕೊಡುವ ಮಾಲನ್ನು ಅಂಗಡಿಯವರು ಮುಚ್ಚಿಟ್ಟು, ಅದರ ಬದಲು ಯಾವುದೋ ದೊಡ್ಡ ಕೊಳವೆಯನ್ನು ಊರಿನ ಆರು ಸಾವಿರ ರೂಪಾಯಿಗೆ ಕಟ್ಟುತ್ತಿದ್ದಾರೆ. ಅದೂ ಊರಿನವನೇ ಊರಿನವನಿಗೆ. "ನಿನ್ನ ಅಪ್ಪನಿಗೆ ಗೊತ್ತುಂಟಾ ನೀನು ಇಲ್ಲಿ ಎಂತ ವ್ಯಾಪಾರ ಮಾಡುವುದು ಅಂತ?" ಎಂದು ಹೇಳಿ, ತುಂಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ಬಂದರು. ಅಂಗಡಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು. ಬಡಿದು ಹೋಗಲಿಕ್ಕೂ ಆಗಲಿಲ್ಲ.

ಮನೆಗೆ ಬಂದವರೇ ಗ್ರಾಹಕರ ದೂರಿನ ನಂಬರಿಗೆ ಫೋನ್ ಮಾಡಿದರು. ಅತ್ತಲಿಂದ ಒಬ್ಬ ಅಧಿಕಾರಿ ಸಮಾಧಾನದ ಹಿಂದಿಯಲ್ಲಿ ಎಲ್ಲ ಕೇಳಿದ.

"ಬೆಲೆ ಪೆಟ್ಟಿಗೆಯ ಮೇಲೆ ಬರೆದಿತ್ತಾ?"

"ಬರೆದಿತ್ತು."

"ಅದಕ್ಕಿಂತ ಹೆಚ್ಚು ಕೇಳಿದರಾ?"

"ಇಲ್ಲ. ಬರೆದದ್ದೇ ಹೆಚ್ಚು."

"ನಿಮ್ಮ ಹತ್ತಿರ ಇರುವ ತುಂಡಿನ ಫೋಟೋ ಕಳುಹಿಸಿ."

ಪಕೀರಬ್ಬ ಫೋಟೋ ಕಳುಹಿಸಿದರು. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಖರ್ಜೂರ ಇಟ್ಟಿದ್ದರು. ಹತ್ತು ನಿಮಿಷಕ್ಕೆ ಉತ್ತರ ಬಂತು. ಅಂಗಡಿಯವರದು ತಪ್ಪಿಲ್ಲ, ಇದು ಫಿಲ್ಟರ್ ಅಲ್ಲವೆಂದು ತೋರುತ್ತದೆ, ದಯವಿಟ್ಟು ಫ್ರಿಜ್ಜಿನ ಮಾಡೆಲ್ ನಂಬರ್ ನೋಡಿ.

"ಇವನಿಗೂ ನಂಬರ್ ಬೇಕಂತೆ" ಎಂದು ಪಕೀರಬ್ಬ ಫೋನನ್ನು ಸೋಫಾದ ಮೇಲೆ ಎಸೆದರು. "ಆಫೀಸಿನಲ್ಲಿ ತಣ್ಣಗೆ ಕೂತವನಿಗೆ ಪೀಸಿನ ಸಂಗತಿ ಹೇಗೆ ಗೊತ್ತಾಗಬೇಕು? ಸಫೂರಾ, ಇವರೆಲ್ಲ ಒಂದೇ ಗಂಟು."

"ಮೂವರು ಅಂದ ಹಾಗಾಯಿತು" ಎಂದಳು ಸಫೂರಾ ಒಳಗಿನಿಂದ.

"ಮೂರನೆಯವನು ಯಾರು?"

"ನಾನು. ಹಗುರ ಉಂಟು ಅಂದಿದ್ದೆನಲ್ಲ."

ಪಕೀರಬ್ಬ ಕೇಳದವರಂತೆ ಮಂಗಳೂರಿನ ನಂಬರುಗಳನ್ನು ಹುಡುಕತೊಡಗಿದರು. ನಾಲ್ಕನೇ ಡೀಲರ್ ಫೋಟೋ ನೋಡಿ, "ಉಂಟು" ಎಂದ. "ಆದರೆ ಇದೇ ಬೇಕಾ ನಿಮಗೆ? ಇದನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ ಮಾರಾಯ್ರೆ."

"ಇದೇ ಬೇಕು. ರೇಟು ಹೇಳಿ."

"ತೊಂಬತ್ತೈದು ರೂಪಾಯಿ. ಆದರೆ ಕಾರ್ಟನ್ ಒಡೆಯುವುದಿಲ್ಲ. ಇಪ್ಪತ್ತನಾಲ್ಕು ಪೀಸ್."

ತೊಂಬತ್ತೈದು ರೂಪಾಯಿ. ಪಕೀರಬ್ಬ ಎದ್ದು ನಿಂತರು. ಇಲ್ಲಿ ಆರು ಸಾವಿರ, ಅಲ್ಲಿ ತೊಂಬತ್ತೈದು. ಅವರು ಮಹಡಿ ಹತ್ತಿ ಅಶ್ವಿತಾಳಿಗೆ ಹೇಳಿದರು, ಮಸೀದಿಯಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದರು, ಮರುದಿನ ಸ್ಟೋರಿನ ಕಿಟಕಿಯಲ್ಲಿ ಸಾಲಿಗೆಲ್ಲ ಹೇಳಿದರು. ಆರು ತಿಂಗಳಿಗೊಂದರಂತೆ ಇಪ್ಪತ್ತನಾಲ್ಕು ಪೀಸ್ ಅಂದರೆ ಹನ್ನೆರಡು ವರ್ಷಕ್ಕೆ ನೀರಿನ ಚಿಂತೆ ಇಲ್ಲ. ಮಾಲು ಬರುವವರೆಗೆ ಇರಲಿ ಎಂದು ಹಳೆಯ ತುಂಡನ್ನೇ ಮತ್ತೆ ಅದರ ಮೂಲೆಗೆ ತಿರುಗಿಸಿ ಹಾಕಿದರು.

"ನಿಮಗೆ ಐವತ್ತೇಳು ಆಯಿತಲ್ಲ ಇಚ್ಚ, ಹನ್ನೆರಡು ವರ್ಷಕ್ಕೆ ವೀಸಾ ಉಂಟಾ?" ಎಂದು ಬೋಜ ಕೇಳಿದ. ಅವನಿಗೆ ಹಳೇ ಪೀಸ್ ಎಲ್ಲಿ ಎಂದು ಕೇಳಿ ಬಾಯಿ ಮುಚ್ಚಿಸಲಾಯಿತು.

ಮೇಲಿನ ಯಜ್ಞೇಶನಿಗೆ ಹೇಳಲು ಮಾತ್ರ ಆಗಲಿಲ್ಲ. ಅವನ ಶಿಫ್ಟು ವಿಚಿತ್ರ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ರಾಸ್ ಲಫಾನ್. ಅಶ್ವಿತಾ ಒಮ್ಮೆ, "ಇವರು ಪ್ಲಾಂಟಿನಲ್ಲಿ ನೀರಿನ ಸೆಕ್ಷನಿನಲ್ಲೇ ಇರುವುದು. ಒಮ್ಮೆ ತೋರಿಸಬಹುದಿತ್ತಾ ಪಕೀರಿಚ್ಚ?" ಎಂದಿದ್ದಳು.

"ಅವರದು ಊರಿನಷ್ಟು ದೊಡ್ಡ ಟ್ಯಾಂಕಿ ಅಮ್ಮ. ಇದು ಮನೆಯ ವಿಷಯ. ಪಾಪ, ಮಲಗಲಿ."

ಇನ್ನು ಕಾರ್ಟನ್ ಬರುವ ದಾರಿ. ಗಲ್ಫಿನಲ್ಲಿರುವ ನಮ್ಮವರಲ್ಲಿ ಯಾರಾದರೂ ಊರಿಗೆ ಟಿಕೇಟು ಮಾಡಿದರೆಂದರೆ ಅದು ಅವರೊಬ್ಬರ ಟಿಕೇಟಲ್ಲ. ಮೂವತ್ತು ಕಿಲೋದಲ್ಲಿ ಯಾರದು ಎಷ್ಟು ಎಂದು ಅದೇ ದಿನ ಪಾಲಾಗಿಬಿಡುತ್ತದೆ. ಹಣ ಕೇಳುವುದು ಸುಲಭ, ಕಿಲೋ ಕೇಳುವುದು ಕಷ್ಟ. ಹಣ ಕೊಟ್ಟವರು ಮರೆಯಬಹುದು, ಕಿಲೋ ಕೊಟ್ಟವರು ಮರೆಯುವುದಿಲ್ಲ. ಕೊನ್ಸೆಪ್ಟಾ ಬಾಯಿ ಜೂನ್ ಹದಿನೈದಕ್ಕೆ ಒಂದು ತಿಂಗಳ ರಜೆಯಲ್ಲಿ ಹೊರಡುವವರಿದ್ದರು. ಪಕೀರಬ್ಬ ಅವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು.

"ಬಾಯಿ, ಬರುವಾಗ ಒಂದು ಮೂರು ಕಿಲೋ ಜಾಗ ಬೇಕಿತ್ತು."

"ಮೂರಾ? ಅಕ್ಕ ನನಗೆ ವರ್ಷಕ್ಕಾಗುವಷ್ಟು ಬಫಾತ್ ಪುಡಿ ಮಾಡಿ ಇಟ್ಟಿದ್ದಾಳೆ ಪಕೀರಿಚ್ಚ. ಏಪ್ರಿಲಿನ ಬಿಸಿಲಲ್ಲಿ ಮೆಣಸು ಒಣಗಿಸಿ ಮಾಡಿದ್ದು. ಅದೇ ಮೂರು ಕಿಲೋ ಉಂಟು. ಅದಿಲ್ಲದಿದ್ದರೆ ನಾನು ಇಲ್ಲಿ ಸಾರಿಗೆ ಎಂತ ಹಾಕುವುದು?"

"ನೀರಿನ ವಿಷಯ ಬಾಯಿ. ಈ ಅಂಗಳದ ಎಲ್ಲರೂ ಕುಡಿಯುವ ನೀರು. ನಿಮ್ಮದು ಎರಡು ಬಾಟ್ಲಿ, ಮೇಲಿನ ಮಗುವಿನದು ಒಂದು. ನಾನು ನನಗೋಸ್ಕರ ಕೇಳುತ್ತಿದ್ದೇನಾ?"

ಕೊನ್ಸೆಪ್ಟಾ ಬಾಯಿ ಎರಡೂ ಆದೀತೋ ನೋಡುತ್ತೇನೆ ಅಂದರು. ಪಕೀರಬ್ಬ ಆಗಲೇ ಜೇಬಿನಿಂದ ವೋಚರ್ ಪುಸ್ತಕ ತೆಗೆದಿದ್ದರು. ಸ್ಟೋರಿನಲ್ಲಿ ಹಳತಾದ ಒಂದು ಪುಸ್ತಕವನ್ನು ಅವರು ಮನೆಯ ವ್ಯವಹಾರಕ್ಕೆ ಇಟ್ಟುಕೊಂಡಿದ್ದರು. ಸಫೂರಾ ಪಕ್ಕದ ಮನೆಗೆ ಕೊಟ್ಟ ಕುಕ್ಕರಿಗೂ ಅದರಲ್ಲಿ ಚೀಟಿ ಇತ್ತು. 'ಕೊನ್ಸೆಪ್ಟಾ ಬಾಯಿಯವರಿಂದ ಮೂರು ಕಿಲೋ ಜಾಗ ಪಡೆದಿದೆ. ಕೇಳಿದಾಗ ಹಿಂದಿರುಗಿಸಲಾಗುವುದು' ಎಂದು ಬರೆದು ಸಹಿ ಹಾಕಿ, ಕಾರ್ಬನ್ ಕಾಪಿಯನ್ನು ಅವರಿಗೆ ಕೊಟ್ಟರು.

ಜುಲೈ ನಡುವೆ ಕೊನ್ಸೆಪ್ಟಾ ಬಾಯಿ ವಾಪಸು ಬಂದರು. ಟ್ಯಾಕ್ಸಿಯಿಂದ ಇಳಿದವರೇ ಕಾರ್ಟನನ್ನು ಪಕೀರಬ್ಬನ ಸೋಫಾದ ಮೇಲೆ ಇಟ್ಟು, ಅದರ ಪಕ್ಕ ತಾವೂ ಕೂತರು.

"ಮಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿ ಮೂರು ಕಿಲೋ ಜಾಸ್ತಿ ಬಂತು. ಎಲ್ಲರೆದುರು ಸೂಟ್‌ಕೇಸ್ ಬಿಚ್ಚಿಸಿದರು. ಒಂದು ಕೈಯಲ್ಲಿ ನಿಮ್ಮ ಕಾರ್ಟನ್, ಒಂದು ಕೈಯಲ್ಲಿ ಅಕ್ಕನ ಬಫಾತ್ ಪುಡಿ. ಮಗು ಕುಡಿಯುವ ನೀರು ಅಂದಿದ್ದೀರಲ್ಲ. ಪುಡಿಯನ್ನು ಹೊರಗೆ ನಿಂತಿದ್ದ ಅಕ್ಕನ ಕೈಗೇ ವಾಪಸು ಕೊಟ್ಟೆ. ಅವಳು ಮಾತಾಡಲಿಲ್ಲ. ಈಗಲೂ ಮಾತಾಡುವುದಿಲ್ಲ."

ಪಕೀರಬ್ಬ ಕಾರ್ಟನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಈ ಉಪಕಾರ ಈ ಅಂಗಳದವರು ಮರೆಯುವುದಿಲ್ಲ ಬಾಯಿ" ಎಂದರು.

ಆ ಶುಕ್ರವಾರ ಜುಮ್ಮಾ ಮುಗಿಸಿ ಬಂದ ಮೇಲೆ ಹೊಸ ಫಿಲ್ಟರ್ ಹಾಕುವುದೆಂದು ನಿಶ್ಚಯವಾಯಿತು. ಹಾಗೆ ಎಲ್ಲರನ್ನೂ ಕರೆಯುವ ಅಗತ್ಯವಿರಲಿಲ್ಲ. ಆದರೆ ಇನ್ನೂರ ಅರವತ್ತು ರಿಯಾಲಿನ ದರೋಡೆಯನ್ನು ತೊಂಬತ್ತೈದು ರೂಪಾಯಿಯಲ್ಲಿ ಸೋಲಿಸಿದವನು ಒಬ್ಬನೇ ಅಡುಗೆಮನೆಯಲ್ಲಿ ನಿಂತು ಅದನ್ನು ಮಾಡುವುದು ಹೇಗೆ? ಸಫೂರಾ ಅಕ್ಕಿರೊಟ್ಟಿಯಂಥ ಪತ್ತಿರ್ ತಟ್ಟಿ ಕೋಳಿಸಾರು ಮಾಡಿದಳು. ಅಶ್ವಿತಾ ಐದು ಖಾಲಿ ಬಾಟ್ಲಿಗಳೊಂದಿಗೆ ಇಳಿದು ಬಂದಳು. ಕೊನ್ಸೆಪ್ಟಾ ಬಾಯಿ ತಮ್ಮ ಎರಡು ತಂದರು. ಊಟ ಉಂಟೆಂದು ತಿಳಿದು ಬೋಜನೂ ಬಂದ. ಯಜ್ಞೇಶನಿಗೆ ಅವತ್ತು ರಜೆ. ಕಣ್ಣುಜ್ಜಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತ.

ಪಕೀರಬ್ಬ ಬಿಸ್ಮಿಲ್ಲಾ ಹೇಳಿ ಪೆಟ್ಟಿಗೆ ಬಿಚ್ಚಿದರು. ಹಳೆಯದನ್ನು ತಿರುಗಿಸಿ ತೆಗೆದು, ಅದನ್ನೂ ಹೊಸದನ್ನೂ ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. "ನೋಡಿ. ಕೂದಲೆಳೆ ವ್ಯತ್ಯಾಸ ಉಂಟಾ?"

ಇರಲಿಲ್ಲ. ಅವರು ಹೊಸದನ್ನು ಮೂಲೆಗೆ ತೂರಿಸಿ ತಿರುಗಿಸಿದರು. ಲೋಟ ಒತ್ತಿದರು. ನೀರು ಬಂತು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಎಂಥ ವ್ಯತ್ಯಾಸ. ನಮ್ಮ ಹಳೇ ಬಾವಿಯ ನೀರೇ."

"ಕೆಂಪು ದೀಪ ಹಾಗೇ ಉಂಟಲ್ಲ" ಎಂದಳು ಅಶ್ವಿತಾ.

ಪಕೀರಬ್ಬ ದೀಪವನ್ನು ದುರುಗುಟ್ಟಿ ನೋಡಿದರು. ಬಾಗಿಲು ತೆರೆದು ಮುಚ್ಚಿದರು. ಎರಡನೇ ಪೀಸ್ ಹಾಕಿದರು, ಮೂರನೆಯದು ಹಾಕಿದರು. ದೀಪ ಅಲುಗಲಿಲ್ಲ. "ಇದೂ ಅವರ ಕಡೆಯದ್ದೇ" ಎಂದರು. "ಆ ಇನ್ನೂರ ಅರವತ್ತರದ್ದು ಹಾಕದೆ ಆರಕೂಡದು ಅಂತ ಕಂಪೆನಿಯವರೇ ಹೇಳಿಕೊಟ್ಟಿದ್ದಾರೆ."

ಯಜ್ಞೇಶ್ ಬಂದು ದೀಪದ ಪಕ್ಕದ ಗುಂಡಿಯನ್ನು ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದ. ದೀಪ ಆರಿತು.

"ಇದು ದಿನ ಎಣಿಸುವ ದೀಪ, ಅಷ್ಟೇ. ಹಿಂದಿನವರು ಮಾರುವಾಗ ಒತ್ತಿರಬೇಕು. ಆರು ತಿಂಗಳಾದ ಮೇಲೆ ಹತ್ತುತ್ತದೆ. ಒಳಗೆ ಎಂತ ಉಂಟು, ಇಲ್ಲ, ಅದಕ್ಕೆ ಗೊತ್ತಾಗುವುದಿಲ್ಲ."

"ಅದಕ್ಕೆ ಕ್ಯಾಲೆಂಡರ್ ಸಾಕಲ್ಲ ಮಾರಾಯ. ದೀಪ ಯಾಕೆ?" ಎಂದರು ಪಕೀರಬ್ಬ.

ಯಜ್ಞೇಶ್ ಅಷ್ಟರಲ್ಲಿ ಮೇಜಿನ ಮೇಲಿದ್ದ ಒಂದು ಪೀಸನ್ನು ಎತ್ತಿ ಬೆಳಕಿಗೆ ಹಿಡಿದಿದ್ದ. ಹಿಂದೆ ನೋಡಿದ, ಮುಂದೆ ನೋಡಿದ. ಆಮೇಲೆ ಅದನ್ನು ಪಕೀರಬ್ಬನ ಕೈಗೆ ಕೊಟ್ಟ.

"ಇಚ್ಚ, ಈ ತೂತಿನಲ್ಲಿ ಒಮ್ಮೆ ಊದಿ."

ಪಕೀರಬ್ಬ ಊದಿದರು. ಪೀಪಿ ಊದಿದಂತೆ ಒಂದು ಶಬ್ದ ಬಂತು. ಆಚೆಯ ತೂತಿನಿಂದ ಗಾಳಿ ಬಂದು ಅವರದೇ ಗಡ್ಡದ ಕೂದಲು ಅಲುಗಿತು.

"ಫಿಲ್ಟರ್ ಆದರೆ ಗಾಳಿ ಹೀಗೆ ಹೋಗುತ್ತದಾ?" ಎಂದ ಯಜ್ಞೇಶ್, ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ. "ಫಿಲ್ಟರ್ ಇಲ್ಲದಾಗ ಆ ಜಾಗ ಮುಚ್ಚಲಿಕ್ಕೆ ಹಾಕುವ ಬಿರಡೆ ಇದು. ನೀರು ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತದೆ. ನಿಮಗೆ ಮಾರಿದವರು ಫಿಲ್ಟರ್ ಹಾಕಿರಲೇ ಇಲ್ಲ."

"ಅಂದರೆ ಡಿಸೆಂಬರಿನಿಂದ..." ಎಂದಳು ಅಶ್ವಿತಾ.

"ಟೆರೇಸಿನ ಟ್ಯಾಂಕಿಯಿಂದ ನೇರ."

ಅಶ್ವಿತಾ ಕೈಯಲ್ಲಿದ್ದ ಬಾಟ್ಲಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಕೊನ್ಸೆಪ್ಟಾ ಬಾಯಿ ತಮ್ಮ ಎರಡನ್ನೂ ಹಿಂದಕ್ಕೆ ಸರಿಸಿದರು. ಬೋಜ ಮಾತ್ರ ಪತ್ತಿರ್ ತಿನ್ನುವುದು ನಿಲ್ಲಿಸಲಿಲ್ಲ.

"ಕಾರ್ಬನಿನ ರುಚಿ" ಎಂದಳು ಸಫೂರಾ ಗೋಡೆಯ ಕಡೆ ನೋಡಿ.

"ಆ ಡ್ಯಾರೆಲ್ ಎಂಬವನಿಗೆ ಒಂದು ಮಾತು ಹೇಳಲಿಕ್ಕೆ ಎಂತ ಆಗಿತ್ತು?" ಎಂದು ಪಕೀರಬ್ಬ ಶುರುಮಾಡಿದರು. ಅವರ ದನಿ ಏರುತ್ತ ಹೋಯಿತು. "ಊರಿನ ಹುಡುಗ. ಎದುರಿಗೆ ನಿಂತಿದ್ದೆ. ಇದು ಬರೀ ಬಿರಡೆ ಅಂಕಲ್ ಅಂತ ಹೇಳಿದರೆ ಅವನ ನಾಲಗೆ ಸವೆಯುತ್ತಿತ್ತಾ? ಆ ಆಫೀಸಿನವನು? ಆ ಮಂಗಳೂರಿನ ಡೀಲರ್? ಇಷ್ಟು ಜನರಲ್ಲಿ ಒಬ್ಬನಾದರೂ..." ಅಷ್ಟು ಹೇಳುವಾಗ ಅವರಿಗೇ ಒಬ್ಬೊಬ್ಬರ ಮಾತೂ ನೆನಪಿಗೆ ಬಂದಿರಬೇಕು. ಕೈಯಲ್ಲಿದ್ದ ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು.

ಕೊನ್ಸೆಪ್ಟಾ ಬಾಯಿ ಆಗ ಬಾಯಿ ತೆರೆದರು. "ಹಾಗಾದರೆ ನಾನು ಅಕ್ಕನ ಬಫಾತ್ ಪುಡಿ ಬಿಟ್ಟು ತಂದದ್ದು ಇಪ್ಪತ್ತನಾಲ್ಕು ಬಿರಡೆ." ಅವರು ಬ್ಯಾಗಿನಿಂದ ಮಡಚಿದ ಚೀಟಿಯನ್ನು ತೆಗೆದು, ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ನೀವಿದರು. "ಮೂರು ಕಿಲೋ. ಕೇಳಿದಾಗ ಹಿಂದಿರುಗಿಸಲಾಗುವುದು. ಕೇಳುತ್ತಿದ್ದೇನೆ ಪಕೀರಿಚ್ಚ."

ಶನಿವಾರ ನಸುಕಿನಲ್ಲಿ ಬೋಜ ಕಿಟಕಿಗೆ ಬಂದು, ಮೆಷಿನ್ ನಂಬರ್ ಬರೆದ ಕಾಗದವನ್ನು ಹೆದರುತ್ತ ಮುಂದಿಟ್ಟ. ಪಕೀರಬ್ಬ ಅದನ್ನು ಎರಡು ಸಲ ಓದಿ, ಎದ್ದು ಹೋಗಿ, ಫ್ಯಾನ್ ಮೋಟರ್ ತಂದು ಕೊಟ್ಟರು. ಹಳೇ ಪೀಸ್ ಕೇಳಲಿಲ್ಲ. ಸಾಲಿನಲ್ಲಿ ಹಿಂದಿನವರು ಇಚ್ಚನಿಗೆ ಹುಷಾರಿಲ್ಲವೋ ಏನೋ ಎಂದು ಮಾತಾಡಿಕೊಂಡರು.

ಸಂಜೆ ಅವರು ಫ್ರಿಜ್ಜಿನ ಮಾಡೆಲ್ ನಂಬರ್ ಬರೆದುಕೊಂಡು ಡ್ಯಾರೆಲ್‌ನ ಅಂಗಡಿಗೆ ಹೋದರು. ಅವನು ಆ ಸೌತೆಕಾಯಿಯ ಪೆಟ್ಟಿಗೆಯನ್ನು ಕೌಂಟರಿನ ಕೆಳಗೇ ಇಟ್ಟುಕೊಂಡಿದ್ದ. "ನೀವು ಬರುತ್ತೀರಿ ಅಂತ ಗೊತ್ತಿತ್ತು ಅಂಕಲ್" ಎಂದ. ಪಕೀರಬ್ಬ ಇನ್ನೂರ ಅರವತ್ತು ಕೊಟ್ಟರು. ಬೆಲೆ ಆಗಲೂ ಅನ್ಯಾಯವೇ ಆಗಿತ್ತು. ಅದನ್ನು ಹೇಳುವ ಬಾಯಿ ಮಾತ್ರ ಅವರಿಗೆ ಇರಲಿಲ್ಲ.

ಉಳಿದದ್ದು ಕಿಲೋ. ಆಗಸ್ಟ್ ಕಳೆಯಿತು. ಕೊನ್ಸೆಪ್ಟಾ ಬಾಯಿ ಅಂಗಡಿಯ ಪುಡಿ ಹಾಕಿ ಸಾರು ಮಾಡುತ್ತಿದ್ದರು. ಮಾಡಿದ ದಿನವೆಲ್ಲ ಒಂದು ಸಣ್ಣ ಬಟ್ಟಲು ಪಕೀರಬ್ಬನ ಮನೆಗೆ ಬರುತ್ತಿತ್ತು. "ರುಚಿ ನೋಡಿ. ಎಂತ ಇಲ್ಲ ಅಂತ ನೀವೇ ಹೇಳಿ" ಎಂದು ಅದರ ಜೊತೆ ಒಂದು ಮಾತೂ ಬರುತ್ತಿತ್ತು. ತೆಗೆದುಕೊಳ್ಳದೆ ಇರುವ ಹಾಗಿಲ್ಲ, ತಿಂದರೆ ಇಳಿಯುವ ಹಾಗಿಲ್ಲ.

ಸೆಪ್ಟೆಂಬರಿನಲ್ಲಿ ಪಕೀರಬ್ಬನಿಗೆ ಇಪ್ಪತ್ತು ದಿನ ರಜೆ ಸಿಕ್ಕಿತು. ವಿಟ್ಲದಿಂದ ಎರಡು ಬಸ್ಸು ಬದಲಿಸಿ ಕಿನ್ನಿಗೋಳಿಗೆ ಹೋದರು. ಅಕ್ಕ ಬಾಗಿಲು ತೆರೆದು, ಇವರು ಯಾರೆಂದು ಕೇಳಿ ತಿಳಿದು, ಒಳಗೆ ಹೋಗಿ ಪುಡಿಯ ಕಟ್ಟನ್ನು ತಂದು ಕೈಗಿಟ್ಟಳು. ಕೂತುಕೊಳ್ಳಿ ಅನ್ನಲಿಲ್ಲ. ಮಂಗಳೂರಿನ ಕೌಂಟರಿನಲ್ಲಿ ಪಕೀರಬ್ಬನ ಸೂಟ್‌ಕೇಸೂ ಮೂರು ಕಿಲೋ ಹೆಚ್ಚು ತೂಗಿತು. ಅವರು ಎಲ್ಲರೆದುರು ಅದನ್ನು ಬಿಚ್ಚಿ, ಸಫೂರಾ ಹೇಳಿ ತರಿಸಿದ್ದ ಕುಚ್ಚಿಲಕ್ಕಿಯನ್ನು ಹೊರಗೆ ತೆಗೆದರು. ಅದಕ್ಕೆ ಸಫೂರಾ ಎಂತ ಅಂದಳೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಅಲ್ ರಯ್ಯಾನಿಗೆ ಬಂದು ಸೂಟ್‌ಕೇಸ್ ತೆರೆದರೆ ಕಟ್ಟಿನ ಒಂದು ಮೂಲೆ ಹರಿದಿತ್ತು. ಅವರ ಬಿಳಿ ಅಂಗಿಗಳೆಲ್ಲ ಕೆಮ್ಮಣ್ಣಿನ ಗದ್ದೆಯಲ್ಲಿ ಹೊರಳಿದಂತಾಗಿದ್ದವು. ಆದದ್ದಾಗಲಿ ಎಂದು ಕಟ್ಟನ್ನೂ ತಕ್ಕಡಿಯನ್ನೂ ವೋಚರ್ ಪುಸ್ತಕವನ್ನೂ ಹಿಡಿದು ಕೊನ್ಸೆಪ್ಟಾ ಬಾಯಿಯ ಕೋಣೆಗೆ ಹೋದರು.

ಬಾಯಿ ಕಟ್ಟನ್ನು ತಕ್ಕಡಿಯ ಮೇಲಿಟ್ಟು ಕನ್ನಡಕ ಹಾಕಿಕೊಂಡರು. "ಎರಡು ಕಿಲೋ ಎಂಟುನೂರ ಎಪ್ಪತ್ತೈದು."

"ಉಳಿದದ್ದು ನನ್ನ ಅಂಗಿಗಳಲ್ಲಿ ಉಂಟು."

"ಅಂಗಿ ಹಾಕಿ ಸಾರು ಮಾಡುವುದು ಹೇಗೆ?"

ಪಕೀರಬ್ಬನಿಗೆ ಸಿಟ್ಟು ಬಂತು. ಎರಡು ಬಸ್ಸು, ಅಕ್ಕನ ಮೋರೆ, ಹೆಂಡತಿಯ ಅಕ್ಕಿ, ಆರು ಅಂಗಿ. ಇಷ್ಟಾದ ಮೇಲೂ ನೂರಿಪ್ಪತ್ತೈದು ಗ್ರಾಮಿನ ಲೆಕ್ಕ. ಅವರು ಸರಸರನೆ ಮನೆಗೆ ಹೋಗಿ, ಒಂದು ಬಿರಡೆಯನ್ನು ಅದರ ದಪ್ಪ ರಟ್ಟಿನ ಪೆಟ್ಟಿಗೆ ಸಮೇತ ತಂದು ಪುಡಿಯ ಮೇಲೆ ಕುಕ್ಕಿದರು. ತಕ್ಕಡಿಯ ಮುಳ್ಳು ಸರಿಯಾಗಿ ಮೂರಕ್ಕೆ ಬಂದು ನಿಂತಿತು.

"ಖಲಾಸ್. ಸಹಿ ಹಾಕಿ."

ಕೊನ್ಸೆಪ್ಟಾ ಬಾಯಿ ತಕ್ಕಡಿಯನ್ನು ನೋಡಿದರು. ಪೆನ್ನು ಕೇಳಿ ತೆಗೆದುಕೊಂಡು, ವೋಚರಿನಲ್ಲಿ ನಿಧಾನವಾಗಿ ಬರೆದು, ಸಹಿ ಹಾಕಿ, ತಿರುಗಿಸಿ ಇಟ್ಟರು. ಪಕೀರಬ್ಬ ಓದಿದರು. 'ಪುಡಿ ಎರಡು ಕಿಲೋ ಎಂಟುನೂರ ಎಪ್ಪತ್ತೈದು ಸಂದಿದೆ. ನೂರಿಪ್ಪತ್ತೈದು ಗ್ರಾಂ ರಾಂಗ್ ಇಶ್ಯೂ.'

ಅವರು ಆ ಗೆರೆಯ ಕೊನೆಯ ಮೇಲೆ ಬೆರಳಿಟ್ಟರು. "ಬಾಯಿ," ಎಂದರು, "ಆ ಎರಡು ಶಬ್ದ ಹೊಡೆದು ಹಾಕಿ. ಬಾಕಿ ನಾನು ಹೇಗಾದರೂ ತರಿಸಿಕೊಡುತ್ತೇನೆ."

"ತಂದ ದಿನ ಹೊಡೆಯುತ್ತೇನೆ" ಎಂದು ಕೊನ್ಸೆಪ್ಟಾ ಬಾಯಿ ಕಾರ್ಬನ್ ಕಾಪಿಯನ್ನು ಹರಿದು ಇಟ್ಟುಕೊಂಡರು.

ಮರುದಿನ ನಸುಕಿಗೆ ಸ್ಟೋರಿನ ಕಿಟಕಿಗೆ ಮೊದಲು ಬಂದವನು ಬೋಜ. ಪಕೀರಬ್ಬ ಅವನಿಗೆ ಬೇಕಾದ್ದನ್ನು ಕೊಟ್ಟು, ದನಿ ತಗ್ಗಿಸಿ ಕೇಳಿದರು: "ನೀನು ಊರಿಗೆ ಹೋಗುವುದು ಯಾವಾಗ?"

"ಮುಂದಿನ ತಿಂಗಳು."

"ನೂರಿಪ್ಪತ್ತೈದು ಗ್ರಾಮಿಗೆ ಜಾಗ ಉಂಟಾ? ಬಫಾತ್ ಪುಡಿ. ಕಿನ್ನಿಗೋಳಿಯಿಂದ."

ಬೋಜ ಕಿಟಕಿಯ ಕಟ್ಟೆಗೆ ಎರಡೂ ಮೊಣಕೈ ಊರಿ ನಿಂತ. ಹಿಂದೆ ಸಾಲಿನಲ್ಲಿ ಹನ್ನೆರಡು ಜನ ಕಿವಿಯಾಗಿದ್ದರು.

"ಸ್ಯಾಂಪಲ್ ಉಂಟಾ ಇಚ್ಚ? ಸ್ಯಾಂಪಲ್ ಇಲ್ಲದೆ ನಾನು ತರುವುದಿಲ್ಲ."

ಪಕೀರಬ್ಬ ಕಿಟಕಿಯ ಹತ್ತಿರಕ್ಕೆ ಬಾಗಿ, ಎರಡು ಸಲ ಒಗೆದರೂ ಕೆಂಪು ಹೋಗದ ತಮ್ಮ ಅಂಗಿಯ ಕೊರಳಪಟ್ಟಿಯನ್ನು ಅವನ ಮೂಗಿನ ಮುಂದೆ ಹಿಡಿದರು.